ಪಂಪ್ ಆಮೇಲೆ ತಗೊಳ್ಳಿ, ಮೊದಲು ಚೇಂಬರ್ ಬಿಚ್ಚಿ

ಟ್ರ್ಯಾಕ್ ಡೇ, ಅಂದರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ, ಹತ್ತಿರ ಬಂತು ಅಂದ್ರೆ ನನ್ನ ವಾಟ್ಸಾಪಿಗೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತದೆ. "ಗುರು, ಯಾವ ಆಯಿಲ್ ಪಂಪ್ ಹಾಕ್ಲಿ?" ದೊಡ್ಡ ಟರ್ಬೊ ಕೂರಿಸಿದವನೂ ಕೇಳುತ್ತಾನೆ, ಸುಮ್ನೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ರೀಮ್ಯಾಪ್ ಮಾಡಿಸಿದವನೂ ಕೇಳುತ್ತಾನೆ, ನನ್ನ ಹಾಗೆ ಹಳೇ ಹೋಂಡಾ ಸಿಟಿ ವಿಟೆಕ್ ಇಟ್ಕೊಂಡು ಅದನ್ನ ಇನ್ನೊಂದಿಷ್ಟು ವರ್ಷ ಉಳಿಸಬೇಕು ಅಂತ ಒದ್ದಾಡುವವನೂ ಕೇಳುತ್ತಾನೆ. ನನ್ನ ಉತ್ತರ ಸದ್ಯಕ್ಕೆ ಯಾವ ಪಂಪೂ ಬೇಡ. ಇದನ್ನ ಕೇಳಿ ಯಾರಿಗೂ ಖುಷಿ ಆಗುವುದಿಲ್ಲ. ಪಂಪ್ ಡಬ್ಬದಲ್ಲಿ ಬರುತ್ತದೆ, ಹೊಳೆಯುತ್ತದೆ, ಫೋಟೊ ಹಾಕಬಹುದು. ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ ಇದೆಯಲ್ಲ, ಆ ಚೇಂಬರ್ ಒಳಗೆ ಬೆಸುಗೆ ಹಾಕಿದ ನಾಲ್ಕು ತಗಡಿನ ಫೋಟೊ ಯಾರು ನೋಡ್ತಾರೆ?

ಆದರೆ ಟ್ರ್ಯಾಕಿನಲ್ಲಿ ಎಂಜಿನ್ ಹೋಗುವುದು ಬಹುಪಾಲು ಪಂಪಿಗೆ ಶಕ್ತಿ ಸಾಲದೆ ಅಲ್ಲ. ಪಂಪಿನ ಬಾಯಿಗೆ ಎಣ್ಣೆ ಸಿಗದೆ.

ಪಂಪು ಪ್ರೆಶರ್ ಹುಟ್ಟಿಸುವುದಿಲ್ಲ, ಎಣ್ಣೆಯನ್ನ ತಳ್ಳುತ್ತದೆ ಅಷ್ಟೆ. ಆ ಎಣ್ಣೆ ಬೇರಿಂಗಿನ ಸಂದಿಯಲ್ಲಿ ನುಗ್ಗಲು ಕಷ್ಟಪಡುತ್ತದಲ್ಲ, ಆ ತಡೆಯೇ ಮೀಟರಿನಲ್ಲಿ ಪ್ರೆಶರ್ ಆಗಿ ಕಾಣುವುದು. ಸಂದಿ ಅಂದರೆ ಎಷ್ಟು? ಪಿಸ್ಟನ್ನಿನ ರಾಡ್ ಕ್ರ್ಯಾಂಕ್ ಶಾಫ್ಟನ್ನ ಹಿಡಿಯುವ ಕಡೆಯ ಬಿಗ್ ಎಂಡ್ ಬೇರಿಂಗಿಗೆ ಸಾಮಾನ್ಯವಾಗಿ 0.03ರಿಂದ 0.05 ಮಿಲಿಮೀಟರ್. ಕ್ರ್ಯಾಂಕ್ ತಿರುಗುವಾಗ ಲೋಹ ಲೋಹವನ್ನ ಮುಟ್ಟುವುದೇ ಇಲ್ಲ, ಆ ತೆಳು ಎಣ್ಣೆಯ ಮೇಲೆ ತೇಲುತ್ತಿರುತ್ತದೆ. 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸುತ್ತು. ಎರಡು ಸೆಕೆಂಡ್ ಎಣ್ಣೆ ಬರಲಿಲ್ಲ ಅಂದರೆ 200 ಸುತ್ತು ಆ ಪದರ ಸವೆಯುತ್ತಲೇ ಇದೆ, ಮೇಲಿನಿಂದ ಹೊಸದು ಬರ್ತಿಲ್ಲ. ಎಂಜಿನ್ ಅವತ್ತೇ ಸಾಯುವುದಿಲ್ಲ. ಮುಂದಿನ ಸಲ ಇನ್ನೊಂದಿಷ್ಟು ಸವೆಯುತ್ತದೆ, ಅದರ ಮುಂದಿನ ಸಲ ಇನ್ನಷ್ಟು, ಕೊನೆಗೆ ಒಂದು ದಿನ ಮೈಸೂರು ರಸ್ತೆಯಲ್ಲಿ ಆರಾಮಾಗಿ ಹೋಗುವಾಗ ಕೆಳಗಿನಿಂದ ಟಕ್ ಟಕ್ ಶುರುವಾಗುತ್ತದೆ, ಓನರ್ ಮಾತ್ರ "ನಿನ್ನೆ ತನಕ ಚೆನ್ನಾಗಿತ್ತಲ್ಲ" ಅಂತಾನೆ.

ತಿರುವಿನಲ್ಲಿ ಎಣ್ಣೆ ಏನು ಮಾಡುತ್ತದೆ ಅನ್ನೋದನ್ನ ಲೆಕ್ಕ ಹಾಕಿ ನೋಡಿದ ಮೇಲೆ ನನಗೆ ಈ ವಿಷಯ ಗಟ್ಟಿಯಾಗಿ ತಲೆಗೆ ಹೋಯ್ತು. ತುಂಬಿದ ಬಿಂದಿಗೆ ಹಿಡ್ಕೊಂಡು ಘಾಟಿ ಇಳಿಯುವ ಬಸ್ಸಿನಲ್ಲಿ ನಿಂತವರಿಗೆ ಲೆಕ್ಕ ಬೇಡ, ಗೊತ್ತಿರುತ್ತದೆ. ಆದರೂ ಹಾಕೋಣ. ಒಳ್ಳೆ ಅಂಟು ಟೈರ್ ಹಾಕಿದ ಕಾರು ತಿರುವಿನಲ್ಲಿ ಸುಮಾರು 1 ಜಿ, ಅಂದರೆ ತನ್ನ ತೂಕದಷ್ಟೇ ಬಲ ಪಕ್ಕಕ್ಕೆ, ಎಳೆಯುತ್ತದೆ ಅಂತಿಟ್ಟುಕೊಳ್ಳಿ. ಆಗ ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಚೇಂಬರಿನ ಅಗಲ 30 ಸೆಂಟಿಮೀಟರ್, ಎಣ್ಣೆಯ ಆಳ 6 ಸೆಂಟಿಮೀಟರ್ ಅನ್ನಿ. ಓರೆಯಾದಾಗ ಅಷ್ಟೂ ಎಣ್ಣೆ ಒಂದು ಪಕ್ಕಕ್ಕೆ ಹೋಗಿ ಗೋಡೆಯ ಮೇಲೆ 19 ಸೆಂಟಿಮೀಟರ್ ಹತ್ತುತ್ತದೆ. ತಳದಲ್ಲಿ ಎದುರು ಕಡೆಯ 11 ಸೆಂಟಿಮೀಟರ್ ಪೂರ್ತಿ ಒಣ. ಎಣ್ಣೆ ಹೀರುವ ಪಿಕಪ್ ನಡುವೆ ಇದ್ದರೆ ಬಚಾವ್, ಅದರ ಸುತ್ತ ಇನ್ನೂ 4 ಸೆಂಟಿಮೀಟರ್ ಎಣ್ಣೆ ಇದೆ. ಪಿಕಪ್ ಆ ಒಣಗಿದ ಮೂಲೆಯಲ್ಲಿದ್ದರೆ? ಗಾಳಿ ಕುಡಿಯುತ್ತದೆ.

ಈಗ ಇನ್ನೊಂದು ಸೇರಿಸಿ. ಎಂಜಿನ್ ಜೋರಾಗಿ ತಿರುಗುವಾಗ ಎಣ್ಣೆಯೆಲ್ಲ ಚೇಂಬರಿನಲ್ಲಿ ಇರುವುದಿಲ್ಲ. ಅದರಲ್ಲಿ ದೊಡ್ಡ ಪಾಲು ಮೇಲೆ ಎಂಜಿನ್ನಿನ ತಲೆಭಾಗವಾದ ಹೆಡ್ಡಿನಲ್ಲಿ, ವಾಲ್ವ್ ತೆರೆಸುವ ಕ್ಯಾಮಿನ ಸುತ್ತ, ಕೆಳಗೆ ಇಳಿಯುವ ದಾರಿಯಲ್ಲಿ, ಕ್ರ್ಯಾಂಕಿನ ಸುತ್ತ ಮಂಜಿನ ಹಾಗೆ ಹಾರುತ್ತಾ ಇರುತ್ತದೆ. ಅರ್ಧ ಎಣ್ಣೆ ಮೇಲಿದೆ ಅಂತಿಟ್ಟುಕೊಂಡು ಅದೇ ಲೆಕ್ಕ ಮತ್ತೆ ಹಾಕಿ. ಈ ಸಲ ಎಣ್ಣೆ ತಳದಲ್ಲಿ 13 ಸೆಂಟಿಮೀಟರ್ ಮಾತ್ರ ಮುಚ್ಚುತ್ತದೆ. ನಡುವೆ ಇದ್ದ ಪಿಕಪ್ಪೂ ಈಗ ಒಣ! ಪಂಪ್ ದೊಡ್ಡದು ಹಾಕಿದ್ದರೆ ಇನ್ನೂ ಬೇಗ ಒಣ, ಯಾಕಂದ್ರೆ ಅದು ಇನ್ನಷ್ಟು ಎಣ್ಣೆಯನ್ನ ಮೇಲಕ್ಕೆ ಕಳಿಸಿರುತ್ತದೆ. ಮಾಮೂಲಿ 2 ಲೀಟರ್ ಎಂಜಿನ್ನಿನ ಪಂಪೇ ಮೇಲಿನ ಆರ್‌ಪಿಎಂನಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ 40-50 ಲೀಟರ್ ತಳ್ಳುತ್ತದೆ. ಚೇಂಬರಿನಲ್ಲಿ ಇರುವುದೇ ನಾಲ್ಕೋ ಐದೋ ಲೀಟರ್. ಮಾರುವವರು "ಹೈ ವಾಲ್ಯೂಮ್" ಅಂತ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಾಗ ಈ ಲೆಕ್ಕ ನೆನಪಿರಲಿ.

ಇದಕ್ಕೆ ಜಗತ್ತಿನಲ್ಲಿ ಅತಿ ಹೆಚ್ಚು ಬೈಗುಳ ತಿಂದ ಉದಾಹರಣೆ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್. 1989ರಲ್ಲಿ ಅದರ ಆರ್32 ಮಾದರಿಯ ಜೊತೆ ಬಂದ ಆರ್‌ಬಿ26 ಎಂಜಿನ್, 2002ರ ತನಕ ನಡೆಯಿತು. ಕಾಗದದ ಮೇಲೆ 280 ಪಿಎಸ್, ಬ್ಲಾಕ್ ಅದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತದೆ. ಆದರೆ ಎಣ್ಣೆಯ ವಿಷಯದಲ್ಲಿ ಅದಕ್ಕೆ ಒಂದಲ್ಲ, ಮೂರು ಕಾಯಿಲೆ. ಮೊದಲನೆಯದು, ಶುರುವಿನ ಎಂಜಿನ್‌ಗಳಲ್ಲಿ ಪಂಪಿನ ಗೇರನ್ನ ತಿರುಗಿಸುವ ಕ್ರ್ಯಾಂಕಿನ ಮೂತಿಯ ಚಪ್ಪಟೆ ಭಾಗ ಗಿಡ್ಡ. ಗೇರಿನ ಅಗಲದಲ್ಲಿ ಸ್ವಲ್ಪವನ್ನಷ್ಟೇ ಅದು ಹಿಡಿದುಕೊಳ್ಳುತ್ತದೆ. ಎರಡನೆಯದು, ಆ ಗೇರು ಲೋಹದ ಪುಡಿಯನ್ನ ಒತ್ತಿ ಸುಟ್ಟು ಮಾಡಿದ್ದು. ಆರ್‌ಪಿಎಂ ಮಿತಿ ಮುಟ್ಟಿ ರೆವ್ ಲಿಮಿಟರ್ ಹೊಡೆದಾಗ ಕ್ರ್ಯಾಂಕ್ ಗಡಗಡ ನಡುಗುತ್ತದೆ, ಗೇರು ಚೂರಾಗುತ್ತದೆ. ಮೂರನೆಯದು, ಹೆಡ್ಡಿಗೆ ಹೋದ ಎಣ್ಣೆ ವಾಪಸ್ ಬೇಗ ಇಳಿಯುವುದಿಲ್ಲ.

ಇದಕ್ಕೆ ಜಪಾನಿನವರು, ಆಸ್ಟ್ರೇಲಿಯಾದವರು ಕಂಡುಕೊಂಡ ಮದ್ದುಗಳನ್ನ ನೋಡಿ. ಕ್ರ್ಯಾಂಕ್ ಮೂತಿಗೆ ಅಗಲದ ಕಾಲರ್ ಕೂರಿಸಿದರು. ಟೊಮೆಯ್, ನಿಟ್ಟೊ ತರದ ಕಂಪನಿಗಳು ಗಟ್ಟಿ ಉಕ್ಕಿನ ಗೇರಿನ ಪಂಪ್ ಮಾಡಿದವು. ಸರಿ, ಅದು ಪಂಪೇ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಹೆಡ್ಡಿಗೆ ಹೋಗುವ ಎಣ್ಣೆ ತೂತಿನಲ್ಲಿ ಒಂದೂವರೆ ಮಿಲಿಮೀಟರ್ ಆಸುಪಾಸಿನ ಸಣ್ಣ ರಿಸ್ಟ್ರಿಕ್ಟರ್ ಕೂರಿಸಿ ಹರಿವು ತಗ್ಗಿಸಿದರು, ಹೆಡ್ಡಿನ ಹಿಂಭಾಗದಿಂದ ಚೇಂಬರಿಗೆ ಹೊರಗಿನಿಂದಲೇ ಒಂದು ಪೈಪ್ ಇಳಿಸಿದರು, ಚೇಂಬರನ್ನ ಪಕ್ಕಕ್ಕೆ ಅಗಲಿಸಿ ಒಳಗೆ ಬ್ಯಾಫಲ್, ಅಂದರೆ ಎಣ್ಣೆ ಪಕ್ಕಕ್ಕೆ ಓಡದ ಹಾಗೆ ತಡೆಯುವ ತಗಡು, ಹಾಕಿದರು. ಇದೆಲ್ಲ ಸೇರಿದರೆ ಮಾತ್ರ ಆ ಎಂಜಿನ್ ಬದುಕುತ್ತದೆ. ಬರೀ ದೊಡ್ಡ ಪಂಪ್ ಹಾಕಿ ಉಳಿದದ್ದನ್ನ ಬಿಟ್ಟರೆ, ಎಣ್ಣೆ ಇನ್ನೂ ಬೇಗ ಮೇಲೆ ಹೋಗಿ ಕೂರುತ್ತದೆ.

ಪಂಪೇ ನಿಜವಾದ ಸಮಸ್ಯೆ ಆಗಿರುವ ಎಂಜಿನ್‌ಗಳೂ ಇವೆ, ಇಲ್ಲ ಅನ್ನಲ್ಲ. ಮಜ್ದಾ ಮಿಯಾಟಾಕ್ಕೆ ಟರ್ಬೊ ಹಾಕಿ ಆರ್‌ಪಿಎಂ ಏರಿಸಿದರೆ ಪಂಪ್ ಗೇರು ಒಡೆಯುತ್ತದೆ, ಅದಕ್ಕೇ ಅಲ್ಲಿ ಗಟ್ಟಿ ಉಕ್ಕಿನ ತುಂಡಿನಿಂದ ಕಡೆದ ಬಿಲೆಟ್ ಗೇರು ಹಾಕುತ್ತಾರೆ. ಹಳೆಯ ಬಿಎಂಡಬ್ಲ್ಯು ಎಂ50 ಬಳಗದ ಆರು ಸಿಲಿಂಡರ್ ಎಂಜಿನ್‌ಗಳಲ್ಲಿ ಪಂಪಿನ ಸ್ಪ್ರಾಕೆಟ್ ಹಿಡಿದಿರುವ ನಟ್ಟು ಸಡಿಲ ಆಗಿ ಕಳಚಿ ಬೀಳುತ್ತದೆ. ಅದಕ್ಕೆ ಮದ್ದು ಹೊಸ ಪಂಪ್ ಅಲ್ಲ, ನಟ್ಟಿಗೆ ತೂತು ಕೊರೆದು ತಂತಿ ಕಟ್ಟುವುದು. ಒಂದು ತುಂಡು ತಂತಿ! ನಿಮ್ಮ ಎಂಜಿನ್ ಯಾವ ಕಾಯಿಲೆಯದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ, ಆಮೇಲೆ ಅಂಗಡಿ.

ಗೊತ್ತು ಮಾಡಿಕೊಳ್ಳೋದು ಹೇಗೆ? ಮೀಟರ್ ಹಾಕಿ. ಡ್ಯಾಶ್‌ಬೋರ್ಡಿನಲ್ಲಿ ಇರುವ ಆ ಕೆಂಪು ಎಣ್ಣೆ ಲೈಟು ಇದೆಯಲ್ಲ, ಅದು ಸಾಮಾನ್ಯವಾಗಿ ಹತ್ತುವುದು ಪ್ರೆಶರ್ 0.3ರಿಂದ 0.5 ಬಾರ್ ಹತ್ತಿರಕ್ಕೆ ಬಿದ್ದಾಗ (ಬಾರ್, ಪಿಎಸ್‌ಐ ಎರಡೂ ಪ್ರೆಶರಿನ ಅಳತೆ). ಐಡಲ್‌ನಲ್ಲಿ ನಿಂತ ಕಾರಿಗೆ ಅದು ಸಾಕು. 6000ದಲ್ಲಿ ಓಡುವ ಎಂಜಿನ್ನಿಗೆ ಹಳೆಯ ಲೆಕ್ಕ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ 60 ಪಿಎಸ್‌ಐ, ಸುಮಾರು 4 ಬಾರ್. 4 ಬೇಕಾದ ಕಡೆ 1 ಇದ್ದರೂ ಲೈಟು ಹತ್ತುವುದಿಲ್ಲ. ಅದು ಹತ್ತುವ ಹೊತ್ತಿಗೆ ಬೇರಿಂಗಿನ ಕಥೆ ಮುಗಿದಿರುತ್ತದೆ. ಕಂಪನಿಯ ಟೆಂಪರೇಚರ್ ಮುಳ್ಳನ್ನ ನಂಬುವುದೂ ಅಷ್ಟೇ. ಅದು ತೋರಿಸುವುದು ನೀರಿನ ಬಿಸಿ, ಅದನ್ನೂ ಎಷ್ಟೋ ಕಾರುಗಳಲ್ಲಿ ನಡುವೆ ನಿಲ್ಲುವ ಹಾಗೇ ಮಾಡಿರುತ್ತಾರೆ. ಎಣ್ಣೆಯ ಬಿಸಿ ಬೇರೆ ವಿಷಯ.

ಮೀಟರಿನ ಸೆನ್ಸರ್ ಕೂರಿಸುವ ಕೆಲಸ ಚಿಕ್ಕದು, ಎಡವಟ್ಟಾಗುವುದೂ ಅಲ್ಲೇ. ಜಪಾನಿ ಎಂಜಿನ್‌ಗಳ ಪ್ರೆಶರ್ ಸ್ವಿಚ್ಚಿನ ಮರೆ (ತಿರುಪಿನ ಸುತ್ತುಗಳು) 1/8 ಬಿಎಸ್‌ಪಿಟಿ ಅನ್ನೋ ಅಳತೆಯದು, ಇಂಚಿಗೆ 28 ಸುತ್ತು. ಆನ್‌ಲೈನಿನಲ್ಲಿ ಬರುವ ಎಷ್ಟೋ ಸೆನ್ಸರ್‌ಗಳದ್ದು ಬೇರೆ ಅಳತೆ, 1/8 ಎನ್‌ಪಿಟಿ, ಇಂಚಿಗೆ 27. ಕೈಯಲ್ಲಿ ತಿರುಗಿಸಿದರೆ ಎರಡು ಸುತ್ತು ಹೋಗುತ್ತದೆ, ಸರಿಯಾಗಿದೆ ಅನಿಸುತ್ತದೆ. ಆಮೇಲೆ ಸ್ಪ್ಯಾನರ್ ಹಾಕಿ ಒತ್ತಿದರೆ ಅಲ್ಯೂಮಿನಿಯಂ ಹೌಸಿಂಗ್ ಬಿರುಕು. ಇನ್ನೊಂದು, ಹಿತ್ತಾಳೆಯ 'T' ಆಕಾರದ ತುಂಡು ಹಾಕಿ ಅದರ ತುದಿಗೆ ಭಾರದ ಸೆನ್ಸರ್ ನೇತು ಹಾಕುತ್ತಾರೆ. ಎಂಜಿನ್ ನಡುಕಕ್ಕೆ ಅದು ಕತ್ತಿನ ಹತ್ತಿರ ಮುರಿಯುತ್ತದೆ, 4 ಬಾರಿನಲ್ಲಿ ಬಿಸಿ ಎಣ್ಣೆ ಎಕ್ಸಾಸ್ಟ್ ಮೇಲೆ ಚಿಮ್ಮುತ್ತದೆ. ಎಂಜಿನ್ ಉಳಿಸಲು ಹಾಕಿದ ಮೀಟರೇ ಕಾರಿಗೆ ಬೆಂಕಿ ಹಚ್ಚುತ್ತದೆ. ಒಂದು ಗಿಡ್ಡ ಹೆಣೆದ ಹೋಸ್ ಹಾಕಿ ಸೆನ್ಸರನ್ನ ಬಾಡಿಗೆ ಕ್ಲಾಂಪ್ ಮಾಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸರಿಯಾದ ಅಡಾಪ್ಟರ್ ಸಿಗುತ್ತದೆ, ಹಳೇ ಸ್ವಿಚ್ಚನ್ನ ಕೈಯಲ್ಲಿ ಹಿಡ್ಕೊಂಡು ಹೋಗಿ ಮರೆ ಹೋಲಿಸಿ ತನ್ನಿ.

ಮತ್ತೆ, ಓಡಿಸುವಾಗ ಮೀಟರ್ ನೋಡಲು ಆಗಲ್ಲ. ತಿರುವಿನ ನಡುವೆ ಕಣ್ಣು ರಸ್ತೆ ಮೇಲೇ ಇರಬೇಕು. ಅದಕ್ಕೆ ಅಂಕಿಗಳನ್ನ ದಾಖಲಿಸಿಡುವ, ಲಾಗ್ ಮಾಡುವ ಮೀಟರ್ ತಗೊಳ್ಳಿ, ಇಲ್ಲಾಂದ್ರೆ ಮೊಬೈಲನ್ನ ಮೀಟರಿಗೆ ತಿರುಗಿಸಿ ವಿಡಿಯೊ ಹಾಕಿ. ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿನ ಉದ್ದ ತಿರುವುಗಳಲ್ಲಿ ನನ್ನ ಕಾರಿನ ಮುಳ್ಳು ಹೇಗೆ ಕುಣಿಯುತ್ತಿತ್ತು ಅಂತ ನಾನು ನೋಡಿದ್ದು ಮನೆಗೆ ಬಂದು ಊಟ ಮಾಡುತ್ತಾ. ನೇರ ದಾರಿಯಲ್ಲಿ 4ರ ಮೇಲೆ. ತಿರುವಿಗೆ ಹೋದ ತಕ್ಷಣ ಏನೂ ಇಲ್ಲ. ಒಂದು ಕ್ಷಣ ಬಿಟ್ಟು, ತಿರುವಿನ ಕೊನೆಯ ಅರ್ಧದಲ್ಲಿ, ಮುಳ್ಳು ನಡುಗಿ 2ಕ್ಕಿಂತ ಕೆಳಗೆ ಬೀಳುತ್ತದೆ. ಸ್ಟೀರಿಂಗ್ ನೇರ ಮಾಡಿದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ 4. ಚಿಕ್ಕ ತಿರುವುಗಳಲ್ಲಿ ಈ ಆಟ ಇಲ್ಲ. ಉದ್ದ ತಿರುವಿನಲ್ಲಿ ಮಾತ್ರ ಬೀಳುತ್ತದೆ ಅಂದರೆ ಪಂಪ್ ಸರಿ ಇದೆ, ಪಿಕಪ್ ಒಣಗುತ್ತಿದೆ. ಎಲ್ಲ ಕಡೆ, ಬಿಸಿ ಏರಿದ ಹಾಗೆಲ್ಲ ನಿಧಾನವಾಗಿ ಇಳಿಯುತ್ತಾ ಹೋದರೆ ಎಣ್ಣೆ ತೆಳುವಾಗುತ್ತಿದೆ ಅಥವಾ ಬೇರಿಂಗ್ ಸವೆದಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಮೀಟರ್ ಇಲ್ಲದೆ ಈ ವ್ಯತ್ಯಾಸ ಯಾವ ಮೆಕ್ಯಾನಿಕ್ಕೂ ಹೇಳಲಾರ.

ಅಮೆರಿಕದ ಕಡೆ ಹೊಸ ಟೊಯೊಟಾ ಜಿಆರ್86 ಓಡಿಸುವವರು ಇದನ್ನೇ ಮಾಡಿದರು. ಉದ್ದದ ಬಲ ತಿರುವುಗಳಲ್ಲಿ ಪ್ರೆಶರ್ ಬೀಳುವುದನ್ನ ಲಾಗ್ ಸಮೇತ ತೋರಿಸಿದರು. ಜೊತೆಗೆ ಇನ್ನೊಂದು ಕಂಡುಬಂತು. ಕೆಲವು ಎಂಜಿನ್‌ಗಳ ಚೇಂಬರ್ ಬಿಚ್ಚಿದಾಗ ಪಿಕಪ್ಪಿನ ಜಾಲರಿಯಲ್ಲಿ ಸಿಲಿಕಾನ್ ಪೇಸ್ಟಿನ ತುಣುಕುಗಳು ಸಿಕ್ಕಿಕೊಂಡಿದ್ದವು. ಇದನ್ನ ಓದಿದಾಗ ನನಗೆ ನಗು ಬಂತು, ಯಾಕಂದ್ರೆ ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಪ್ಯಾಕಿಂಗಿಗೆ ಪೇಸ್ಟ್ ಹಚ್ಚುವ ಧಾರಾಳತನ ನೋಡಿದ್ದೀರಲ್ಲ. ಹೊರಗೆ ಹಿಂಡಿ ಬಂದ ಪೇಸ್ಟನ್ನ ಬೆರಳಿನಲ್ಲಿ ಒರೆಸಿ ನೀಟಾಗಿ ಕಾಣುವ ಹಾಗೆ ಮಾಡುತ್ತಾರೆ. ಒಳಗೂ ಅಷ್ಟೇ ಹಿಂಡಿ ಹೋಗಿರುತ್ತದೆ. ಅದನ್ನ ಯಾರು ಒರೆಸುತ್ತಾರೆ? 2-3 ಮಿಲಿಮೀಟರ್ ದಪ್ಪದ ಗೆರೆ ಸಾಕು. ಬೋಲ್ಟಿನ ಒಳಬದಿಯಲ್ಲಿ ಎಳೆಯಿರಿ, ಗಟ್ಟಿಯಾಗಲು ಅದಕ್ಕೆ ಬೇಕಾದ ಸಮಯ ಕೊಡಿ, ಸಂಜೆ ಕಾರು ಬೇಕು ಅಂತ ಅವಸರ ಮಾಡಬೇಡಿ.

ಈಗ ಬ್ಯಾಫಲ್. ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಇದಕ್ಕಿಂತ ಜಾಸ್ತಿ ವಾಪಸ್ ಕೊಡುವ ಭಾಗ ಎಣ್ಣೆಯ ವ್ಯವಸ್ಥೆಯಲ್ಲಿ ಬೇರೆ ಇಲ್ಲ. ಪಿಕಪ್ಪಿನ ಸುತ್ತ ಒಂದು ಪೆಟ್ಟಿಗೆ ಕಟ್ಟುವುದು, ಅದರ ಗೋಡೆಗಳಲ್ಲಿ ಒಳಗೆ ಮಾತ್ರ ತೆರೆಯುವ ಪುಟ್ಟ ಬಾಗಿಲು ಇಡುವುದು. ಎಣ್ಣೆ ಒಳಗೆ ನುಗ್ಗುತ್ತದೆ, ಕಾರು ಇನ್ನೊಂದು ಕಡೆ ವಾಲಿದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ, ಒಳಗಿದ್ದದ್ದು ಅಲ್ಲೇ ಉಳಿಯುತ್ತದೆ. ಲೋಟಸ್ ಎಲೀಸಿನಲ್ಲಿ ಇರುವ ಟೊಯೊಟಾ 2ಝಡ್‌ಝಡ್ ಎಂಜಿನ್ನಿಗೆ ಮೊರೊಸೊ ಕಂಪನಿಯ ಚೇಂಬರ್ ಸಿದ್ಧವಾಗೇ ಸಿಗುತ್ತದೆ. ನಮ್ಮ ಸಿಟಿಗೋ ಎಸ್ಟೀಮಿಗೋ ಪೋಲೊಗೋ ಅಂಥದ್ದು ಅಂಗಡಿಯಲ್ಲಿ ಕಾಣುವುದು ಕಷ್ಟ. ನಾನು ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮಾಡಿಸಿದೆ. ಗುಜರಿಯಲ್ಲಿ ಸಿಕ್ಕ ಇನ್ನೊಂದು ಚೇಂಬರ್ ತಗೊಂಡು ಹೋದೆ, ಓಡುವ ಕಾರಿನದ್ದನ್ನ ಮುಟ್ಟಲಿಲ್ಲ.

ಅಲ್ಲಿನ ಹಿರಿಯರು ಅದನ್ನ ತಿರುಗಿಸಿ ಮುರುಗಿಸಿ ನೋಡಿ ಹೇಳಿದ ಮೊದಲ ಮಾತು, "ಸಾರ್, ಹಾಗೇ ಬೆಸುಗೆ ಹಾಕಿದ್ರೆ ಬಾಯಿ ಸೊಟ್ಟ ಆಗುತ್ತೆ, ಆಮೇಲೆ ಎಣ್ಣೆ ಸೋರಿದ್ರೆ ನನ್ನ ಬೈಬೇಡಿ." ಅವರೇ ಒಂದು ದಪ್ಪ ಕಬ್ಬಿಣದ ಪ್ಲೇಟಿಗೆ ತೂತು ಹಾಕಿ, ಚೇಂಬರಿನ ಅಂಚನ್ನ ಅದಕ್ಕೆ ಎಲ್ಲ ಬೋಲ್ಟ್ ಹಾಕಿ ಬಿಗಿದು, ಪ್ಲೇಟಿನ ನಡುವೆ ಕತ್ತರಿಸಿದ ಕಿಂಡಿಯಿಂದ ಒಳಗೆ ಕೈ ಬಿಟ್ಟು, ಒಂದು ಕಡೆ ಒಂದು ಚುಕ್ಕೆ, ಎದುರು ಕಡೆ ಒಂದು ಚುಕ್ಕೆ ಅಂತ ತಣಿಯಲು ಬಿಟ್ಟು ಬಿಟ್ಟು ಬೆಸುಗೆ ಹಾಕಿದರು. ತಗಡಿನ ಚೇಂಬರ್ ಆದ್ದರಿಂದ ಇದು ಸುಲಭ. ಅಲ್ಯೂಮಿನಿಯಂ ಆದರೆ ಆರ್ಗಾನ್ ವೆಲ್ಡಿಂಗ್ ಬೇಕು. ಹತ್ತು ವರ್ಷ ಎಣ್ಣೆ ಕುಡಿದ ಅಲ್ಯೂಮಿನಿಯಂ ಎಷ್ಟು ತೊಳೆದರೂ ಬೆಸುಗೆಯಲ್ಲಿ ಗುಳ್ಳೆ ಎಬ್ಬಿಸುತ್ತದೆ, ಅದಕ್ಕೆ ನುರಿತ ಕೈಯೇ ಬೇಕು.

ಮಾಡಿಸುವವರು ಮೂರು ಅಳತೆ ನೋಡಿಕೊಳ್ಳಿ. ಪಿಕಪ್ಪಿನ ಬಾಯಿಗೂ ತಳಕ್ಕೂ ನಡುವೆ ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ಬಿಡಬೇಕು. ಜಾಸ್ತಿ ಆದರೆ ಬೇಗ ಒಣಗುತ್ತದೆ, ಕಡಿಮೆ ಆದರೆ ಹೀರಲು ಆಗಲ್ಲ. ಬ್ಯಾಫಲಿನ ಮೇಲ್ತುದಿ ಕ್ರ್ಯಾಂಕಿಗೆ ತಾಗಬಾರದು. ಅಲ್ಲಿ ಮಕ್ಕಳು ಆಡುವ ಕ್ಲೇ ಅಂಟಿಸಿ, ಚೇಂಬರ್ ಕೂರಿಸಿ, ಕೈಯಲ್ಲಿ ಎಂಜಿನ್ ಎರಡು ಸುತ್ತು ತಿರುಗಿಸಿ, ಬಿಚ್ಚಿ ನೋಡಿ. ಕ್ಲೇ ಚಪ್ಪಟೆ ಆಗಿದ್ದರೆ ಕತ್ತರಿಸಿ. ಮೂರನೆಯದು, ಎಣ್ಣೆ ಬಿಡುವ ಬೋಲ್ಟ್ ಬಿಚ್ಚಿದಾಗ ಪೆಟ್ಟಿಗೆಯೊಳಗಿನ ಎಣ್ಣೆಯೂ ಪೂರ್ತಿ ಹೊರಗೆ ಬರಬೇಕು, ಅದಕ್ಕೆ ಮೂಲೆಯಲ್ಲಿ ಪುಟ್ಟ ತೂತು. ಬಾಗಿಲುಗಳಿಗೆ ರಬ್ಬರ್ ಹಾಕುವವರಿದ್ದಾರೆ, ನನಗೆ ಇಷ್ಟ ಇಲ್ಲ. ಬಿಸಿಗೆ ಗಟ್ಟಿಯಾಗಿ ತುಂಡು ಬೀಳುತ್ತದೆ, ಆ ತುಂಡು ಹೋಗುವುದು ಪಿಕಪ್ಪಿಗೇ. ತಗಡಿನ ಬಾಗಿಲು, ಸರಳಿನ ಹಿಂಜ್, ಎರಡೂ ತುದಿಗೆ ಬೆಸುಗೆ. ಅಷ್ಟು ಸಾಕು.

ಇದು ಹಾಕಿದ ಮೇಲೆ ಅದೇ ಟ್ರ್ಯಾಕಿನಲ್ಲಿ ಮುಳ್ಳು 3ಕ್ಕಿಂತ ಕೆಳಗೆ ಇಳಿಯಲಿಲ್ಲ. ಪಂಪ್ ಹಳೆಯದೇ, ಹೋಂಡಾದ್ದು.

ಬ್ಯಾಫಲಿಗೆ ದುಡ್ಡಿಲ್ಲ, ವಾರ ಬಿಟ್ಟು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಟ್ರ್ಯಾಕಿಗೆ ಹೋಗುವುದಿದೆ ಅನ್ನುವವರಿಗೆ ಹಳೆಯ ಉಪಾಯ ಒಂದಿದೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗಿಂತ ಅರ್ಧ ಲೀಟರ್ ಜಾಸ್ತಿ ತುಂಬಿಸುವುದು. ಮಿಯಾಟಾ ಓಡಿಸುವವರು, 86 ಓಡಿಸುವವರು ಬಹಳ ಜನ ಹೀಗೆ ಮಾಡುತ್ತಾರೆ. ಅದಕ್ಕಿಂತ ಜಾಸ್ತಿ ಬೇಡ. ಕ್ರ್ಯಾಂಕ್ ಎಣ್ಣೆಯನ್ನ ಕಡೆದು ನೊರೆ ಎಬ್ಬಿಸಿದರೆ ಪಂಪಿಗೆ ಹೋಗುವುದು ಮತ್ತೆ ಗಾಳಿಯೇ. ಟ್ರ್ಯಾಕ್ ಮುಗಿದ ಮೇಲೆ ತೆಗೆದುಬಿಡಿ.

ಅಕ್ಯುಸಂಪ್ ಬಗ್ಗೆ ಕೇಳುವವರು ಕಡಿಮೆ, ಆದರೆ ಜಾಣತನದ ಸಾಮಾನು ಅದು. ಅಮೆರಿಕದ ಕ್ಯಾಂಟನ್ ಕಂಪನಿಯದು. ಒಂದು ಸಿಲಿಂಡರ್, ಒಳಗೆ ಪಿಸ್ಟನ್. ಒಂದು ಪಕ್ಕ ಗಾಳಿ, ಇನ್ನೊಂದು ಪಕ್ಕ ಎಂಜಿನ್ ಎಣ್ಣೆ. ಪ್ರೆಶರ್ ಚೆನ್ನಾಗಿದ್ದಾಗ ಎಣ್ಣೆ ಒಳಗೆ ನುಗ್ಗಿ ಗಾಳಿಯನ್ನ ಒತ್ತಿಡುತ್ತದೆ, ತಿರುವಿನಲ್ಲಿ ಪ್ರೆಶರ್ ಬಿದ್ದ ತಕ್ಷಣ ಗಾಳಿ ಅದನ್ನ ವಾಪಸ್ ಎಂಜಿನ್ನಿಗೆ ತಳ್ಳುತ್ತದೆ. ದೊಡ್ಡದರಲ್ಲಿ 3 ಕ್ವಾರ್ಟ್, ಅಂದರೆ ಮೂರು ಲೀಟರಿಗೆ ಸ್ವಲ್ಪ ಕಡಿಮೆ. ಉದ್ದ ತಿರುವನ್ನ ದಾಟಿಸಲು ಅಷ್ಟು ಸಾಕಾಗುತ್ತದೆ. ಇನ್ನೊಂದು ಲಾಭ, ಸ್ಟಾರ್ಟ್ ಮಾಡುವ ಮೊದಲೇ ವಾಲ್ವ್ ತೆರೆದರೆ ಬೇರಿಂಗಿಗೆ ಎಣ್ಣೆ ಮುಂಚೆಯೇ ತಲುಪುತ್ತದೆ. ತೊಂದರೆ ಏನಂದ್ರೆ ಡಿಪ್‌ಸ್ಟಿಕ್ ನೋಡುವಾಗ ಆ ಎಣ್ಣೆ ಎಲ್ಲಿದೆ, ಸಿಲಿಂಡರಿನಲ್ಲೋ ಚೇಂಬರಿನಲ್ಲೋ ಅನ್ನೋದು ನೆನಪಿಟ್ಟುಕೊಳ್ಳಬೇಕು. ಅದು ಹೋಗಲಿ, ಚಿಕ್ಕ ಕಾರಿನಲ್ಲಿ ಇದನ್ನ ಇಡಲು ಜಾಗ ಎಲ್ಲಿ?

ಡ್ರೈ ಸಂಪ್ ಅಂದರೆ ಕೊನೆಯ ಮೆಟ್ಟಿಲು. ಚೇಂಬರಿನಲ್ಲಿ ಎಣ್ಣೆಯನ್ನ ಇಡುವುದೇ ಇಲ್ಲ. ಬಿದ್ದದ್ದನ್ನೆಲ್ಲ ಬೇರೆ ಪಂಪ್‌ಗಳು ಎಳೆದು ಹೊರಗಿನ ಟ್ಯಾಂಕಿಗೆ ಹಾಕುತ್ತವೆ, ಎತ್ತರದ ಆ ಟ್ಯಾಂಕಿನ ತಳದಿಂದ ಎಂಜಿನ್ನಿಗೆ ಹೋಗುತ್ತದೆ. ಚೇಂಬರ್ ತೆಳ್ಳಗಾದ್ದರಿಂದ ಎಂಜಿನ್ನನ್ನೂ ತಗ್ಗಿಸಿ ಕೂರಿಸಬಹುದು. ಪೋರ್ಶೆ 911 1964ರಿಂದಲೂ ಹೀಗೇ ಬಂತು, ಅದಕ್ಕೇ ಆ ಹಳೇ ಕಾರುಗಳಲ್ಲಿ ಎಣ್ಣೆ ನೋಡುವುದು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ. ಕಾರ್ವೆಟ್ ಸಿ6 ಝಡ್06 ಶೋರೂಮಿನಿಂದಲೇ ಇದರ ಜೊತೆ ಬಂತು. ಅಷ್ಟು ದೂರ ಯಾಕೆ, ನಮ್ಮ ಹಳೇ ಕಾಸ್ಟ್ ಐರನ್ ಬುಲೆಟ್ಟಿನಲ್ಲೂ ಎಣ್ಣೆಗೆ ಬೇರೆ ಕೋಣೆ, ತಳ್ಳಲು ಒಂದು ಪಂಪ್, ವಾಪಸ್ ಎಳೆಯಲು ಇನ್ನೊಂದು. ಆದರೆ ನಿಮ್ಮ ರಸ್ತೆ ಕಾರಿಗೆ ಹೊರಗಿನಿಂದ ತಂದು ಹಾಕಿಸುವುದಾದರೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಕಾರಿನ ದುಡ್ಡು ಬೇಕು. ಸ್ಲಿಕ್ ಟೈರ್ ಹಾಕಿ ರೇಸ್ ಮಾಡುವವರಿಗೆ ಸರಿ. ತಿಂಗಳಿಗೊಮ್ಮೆ ನಂದಿ ಬೆಟ್ಟಕ್ಕೆ ಹೋಗಿ ಇಡ್ಲಿ ತಿಂದು ಬರುವವರಿಗೆ ಯಾಕೆ?

ಆಯಿಲ್ ಕೂಲರ್ ಹಾಕಬೇಕಾ ಅಂದರೆ, ಮೀಟರ್ ಏನು ಹೇಳುತ್ತದೆ ನೋಡಿ. 90ರಿಂದ 110 ಡಿಗ್ರಿ ಇದ್ದರೆ ಎಣ್ಣೆ ಸುಖವಾಗಿದೆ. 130 ದಾಟುತ್ತಿದ್ದರೆ ಕೂಲರ್ ಬೇಕು. ಹಾಕಿದರೆ ಥರ್ಮೋಸ್ಟಾಟ್ ಇರುವ ಪ್ಲೇಟೇ ಹಾಕಿ, 80-85 ಡಿಗ್ರಿ ತನಕ ಎಣ್ಣೆಯನ್ನ ಕೂಲರಿಗೆ ಬಿಡದಂಥದ್ದು. ಬೆಂಗಳೂರಿನ ಜನವರಿ ಬೆಳಿಗ್ಗೆ ಥರ್ಮೋಸ್ಟಾಟ್ ಇಲ್ಲದ ಕೂಲರ್ ಇದ್ದರೆ ಆಫೀಸು ಮುಟ್ಟಿದರೂ ಎಣ್ಣೆ ಬಿಸಿ ಆಗಲ್ಲ, ತಣ್ಣನೆ ಎಣ್ಣೆಯಲ್ಲಿ ಓಡಿಸುವುದೂ ಎಂಜಿನ್ನಿಗೆ ಒಳ್ಳೆಯದಲ್ಲ. ಸೆಟ್ರಾಬ್, ಮೊಕಲ್ ಕೂಲರ್‌ಗಳು ದುಬಾರಿ. ಹೆಸರಿಲ್ಲದ್ದು ತಗೊಂಡರೆ ಹಾಕುವ ಮೊದಲು ಪೆಟ್ರೋಲ್ ಬಿಟ್ಟು ಕುಲುಕಿ ಬಿಳಿ ಬಟ್ಟೆಯ ಮೇಲೆ ಸುರಿಯಿರಿ. ಅದರೊಳಗಿಂದ ಹೊರಬರುವ ಲೋಹದ ಪುಡಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಒಮ್ಮೆ ಬೇರಿಂಗ್ ಹೋದ ಎಂಜಿನ್ನಿನ ಕೂಲರನ್ನ ಮಾತ್ರ ಹೊಸ ಎಂಜಿನ್ನಿಗೆ ಹಾಕಲೇಬೇಡಿ, ಎಷ್ಟೇ ತೊಳೆದರೂ. ಒಳಗಿನ ಸಂದಿಗಳಲ್ಲಿ ಚೂರುಗಳು ಅಡಗಿರುತ್ತವೆ, ಹೊಸ ಎಂಜಿನ್ ಮೊದಲ ದಿನವೇ ಅವನ್ನ ತಿನ್ನುತ್ತದೆ.

ಎಂಜಿನ್ನಿನಿಂದ ಗಾಳಿಯ ಜೊತೆ ಹೊರಬರುವ ಎಣ್ಣೆ ಮಂಜನ್ನ ಹಿಡಿಯುವ ಡಬ್ಬ, ಕ್ಯಾಚ್ ಕ್ಯಾನ್ ಬಗ್ಗೆ ಚಿಕ್ಕದಾಗಿ. ಒಳಗೆ ಜಾಲರಿಯೋ ತಡೆಗೋಡೆಯೋ ಇಲ್ಲದ ಕ್ಯಾನ್ ಬರೀ ಖಾಲಿ ಡಬ್ಬ, ಎಣ್ಣೆ ಮಂಜು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಕೊಳ್ಳುವ ಮುಂಚೆ ಮುಚ್ಚಳ ಬಿಚ್ಚಿ ನೋಡಿ. ಪೆಟ್ರೋಲನ್ನ ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಎಂಜಿನ್‌ಗಳಿಗೆ ಒಳ್ಳೆಯದು ಹಾಕಿದರೆ ಉಪಯೋಗ ಇದೆ, ಯಾಕಂದ್ರೆ ಅಲ್ಲಿ ಇನ್‌ಟೇಕ್ ವಾಲ್ವ್ ತೊಳೆಯಲು ಪೆಟ್ರೋಲ್ ಬರುವುದಿಲ್ಲ. ವಾರಂಟಿ ಇರುವ ಕಾರಾದರೆ ಸರ್ವಿಸ್ ಸೆಂಟರಿನವರ ಮುಖ ಹೇಗಾಗುತ್ತದೆ ಅಂತಲೂ ಯೋಚಿಸಿ.

ಚಿಕ್ಕಮಗಳೂರು ಕಡೆ ರ್‍ಯಾಲಿ ಓಡಿಸುವವರು ಇದನ್ನೆಲ್ಲ ಓದಿ ನಗಬಹುದು. ಅವರಿಗೆ ಎಣ್ಣೆ ಉಳಿಸುವ ಮೊದಲ ಭಾಗ ಸಂಪ್ ಗಾರ್ಡ್, ಚೇಂಬರಿನ ಕೆಳಗೆ ಹಾಕುವ ರಕ್ಷಣೆಯ ಪ್ಲೇಟು. ಕಾಫಿ ತೋಟದ ರಸ್ತೆಯಲ್ಲಿ ಒಂದು ಕಲ್ಲು ಸಾಕು, ಅಲ್ಯೂಮಿನಿಯಂ ಚೇಂಬರ್ ಒಡೆದು ಅರ್ಧ ಕಿಲೋಮೀಟರಿನಲ್ಲಿ ಎಣ್ಣೆ ಖಾಲಿ. ತಗಡಿನ ಚೇಂಬರ್ ಒಡೆಯಲ್ಲ, ಒಳಕ್ಕೆ ತಗ್ಗುತ್ತದೆ, ಅದು ಇನ್ನೂ ಮೋಸ. ಸೋರಿಕೆ ಇಲ್ಲ, ಡಿಪ್‌ಸ್ಟಿಕ್ ಸರಿ ಇದೆ, ಆದರೆ ತಗ್ಗಿದ ತಳ ಪಿಕಪ್ಪಿನ ಬಾಯಿ ಮುಚ್ಚಿರುತ್ತದೆ. ಆ 6-10 ಮಿಲಿಮೀಟರ್ ಜಾಗ ಹೋಯ್ತಲ್ಲ. ಇದಕ್ಕೆ ತೋಟದ ರಸ್ತೆಯೇ ಬೇಕಿಲ್ಲ, ನಮ್ಮ ಬಡಾವಣೆಯ ಹಂಪ್ ಸಾಕು. ಗಾರ್ಡ್ ಹಾಕಿಸಿದರೆ ಗಾಳಿ ಆಡಲು ಕಿಂಡಿ ಇರುವುದು ಹಾಕಿಸಿ, ಪೂರ್ತಿ ಮುಚ್ಚಿದರೆ ಎಣ್ಣೆಯ ಬಿಸಿ ಏರುತ್ತದೆ.

ಫಿಲ್ಟರ್ ಬದಲಿಸಿದಾಗ ಹಳೆಯದನ್ನ ಎಸೆಯಬೇಡಿ. ಹ್ಯಾಕ್ಸಾದಲ್ಲಿ ಕೊಯ್ದರೆ ಗರಗಸದ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ, ಅದಕ್ಕೇ ಅಂತ ಇರುವ ಕಟ್ಟರ್ ತಗೊಳ್ಳಿ. ಒಳಗಿನ ಮಡಿಕೆ ಕಾಗದವನ್ನ ಬ್ಲೇಡಿನಲ್ಲಿ ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿ ವೈಸಿನಲ್ಲಿ ಹಿಂಡಿ, ಬಿಸಿಲಿಗೆ ಉದ್ದಕ್ಕೆ ಬಿಡಿಸಿ ಇಡಿ. ಓರೆಯಾಗಿ ನೋಡಿ. ಕಪ್ಪು ಮಸಿ ಇರುವುದು ಸಹಜ. ಒಂದೆರಡು ಮಿನುಗು ಇದ್ದರೆ ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಉಕ್ಕು. ಅಂಟದ ಬೂದು ಬಣ್ಣದ ತೆಳು ಹೊಟ್ಟಿನಂಥದ್ದು ಬೇರಿಂಗಿನ ಮೇಲ್ಪದರ ಇರಬಹುದು. ತಾಮ್ರದ ಬಣ್ಣ ಕಂಡರೆ ಆ ಪದರ ದಾಟಿ ಆಗಿದೆ, ಅವತ್ತೇ ಚೇಂಬರ್ ಇಳಿಸಿ ಬೇರಿಂಗ್ ಕ್ಯಾಪ್ ಬಿಚ್ಚಿ. ಕ್ರ್ಯಾಂಕಿಗೆ ಗೀರು ಬೀಳುವ ಮುಂಚೆ ಸಿಕ್ಕರೆ ಬೇರಿಂಗ್ ಶೆಲ್ಲಿನ ಖರ್ಚಿನಲ್ಲಿ ಮುಗಿಯಬಹುದು.

ಇನ್ನು ಇದರಲ್ಲಿ ಏನೇ ಹಾಕಿದರೂ, ಬ್ಯಾಫಲ್, ಕೂಲರ್, ಪಂಪ್ ಏನೇ ಇರಲಿ, ಮೊದಲ ಸಲ ನೇರವಾಗಿ ಕೀ ತಿರುಗಿಸಬೇಡಿ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲ್ ವೈರನ್ನೂ ಕಳಚಿಡಿ. ಆಮೇಲೆ ಸ್ಟಾರ್ಟರ್ ಹತ್ತತ್ತು ಸೆಕೆಂಡ್ ತಿರುಗಿಸಿ, ನಡುವೆ ಮೋಟಾರ್ ತಣಿಯಲು ಬಿಡಿ. ಮೀಟರಿನ ಮುಳ್ಳು ಅಲುಗಿದ ಮೇಲೆ ಪ್ಲಗ್, ಕಾಯಿಲ್ ವೈರ್, ಫ್ಯೂಸ್ ವಾಪಸ್ ಹಾಕಿ ಸ್ಟಾರ್ಟ್ ಮಾಡಿ. ಒಂದು ನಿಮಿಷ ಐಡಲ್‌ನಲ್ಲಿ ಓಡಿಸಿ ಆಫ್ ಮಾಡಿ, ಟಾರ್ಚ್ ಹಿಡಿದು ಎಲ್ಲ ಜಾಯಿಂಟ್ ನೋಡಿ, ಡಿಪ್‌ಸ್ಟಿಕ್ ತೆಗೆಯಿರಿ. ಕೂಲರ್ ಮತ್ತು ಹೋಸುಗಳು ಒಂದಿಷ್ಟು ಎಣ್ಣೆ ಕುಡಿದಿರುತ್ತವೆ, ಕಡಿಮೆ ಆದಷ್ಟನ್ನ ತುಂಬಿಸಿ ಆಮೇಲೆ ರಸ್ತೆಗೆ ತೆಗೆಯಿರಿ.